ಅಕ್ಕಡಿ ಸಾಲನ್ನು ಅಳೆಯುವ ಬಗೆ

ಸಾವಯವ ಕೃಷಿಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಹೆಚ್ಚಿನವು ಎಕರೆಗೆ ಎಷ್ಟು ಕ್ವಿಂಟಾಲ್ ಎಂಬ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ಕೋಲಾರ, ತುಮಕೂರು, ರಾಮನಗರದ ಕಡೆಯ ಮಳೆಯಾಶ್ರಿತ ಕೆಂಪು ಮಣ್ಣಿನ ಹೊಲಗಳನ್ನು ಅರಿಯಲು ಈ ಪ್ರಶ್ನೆಯೊಂದೇ ಸಾಲದು ಎಂಬುದು ನನ್ನ ಬಹುಕಾಲದ ತಕರಾರು. ಏಕೆಂದರೆ ಅಲ್ಲಿನ ಹಳೆಯ ಬೇಸಾಯದಲ್ಲಿ ರಾಗಿ ಒಂಟಿಯಾಗಿ ಬೆಳೆಯುತ್ತಿರಲಿಲ್ಲ; ಅಕ್ಕಡಿ ಸಾಲುಗಳ, ಎಂದರೆ ನಡುನಡುವೆ ಬಿತ್ತಿದ ಬೇರೆ ಬೆಳೆಗಳ ಸಾಲುಗಳ, ಜೊತೆಗೆ ಬೆಳೆಯುತ್ತಿತ್ತು.

ಮಳೆ ಬಿದ್ದು ಹೊಲ ಹದಕ್ಕೆ ಬಂದಾಗ ಎತ್ತು ಕಟ್ಟಿ ಕೂರಿಗೆಯಲ್ಲಿ ರಾಗಿ ಬಿತ್ತುತ್ತಾರೆ. ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿದ ಸಡ್ಡೆ, ಎಂದರೆ ಅಕ್ಕಡಿ ಕಾಳು ಬಿತ್ತುವ ಕೊಳವೆ, ಎಳೆದುಕೊಂಡು ಬರುತ್ತದೆ. ಅದರ ಬಟ್ಟಲಿಗೆ ಮನೆಯ ಹೆಣ್ಣುಮಗಳೊಬ್ಬಳು ಮಡಿಲಿನಿಂದ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳದ ಕಾಳನ್ನು ಅಂದಾಜು ತಪ್ಪದಂತೆ ಬೆರಳ ಸಂದಿಯಿಂದ ಬಿಡುತ್ತಾ ನಡೆಯುತ್ತಾಳೆ. ಬದುವಿನ ಅಂಚಿಗೆ ಹರಳು ಗಿಡ. ರಾಗಿಯ ಬೇರು ಮೇಲ್ಮಣ್ಣಿನಲ್ಲೇ ಹರಡಿಕೊಂಡರೆ ತೊಗರಿಯ ತಾಯಿಬೇರು ಆಳಕ್ಕಿಳಿಯುತ್ತದೆ. ಅವರೆಯ ಹಂಬು ನೆಲವನ್ನು ಮುಚ್ಚಿ ತೇವ ಉಳಿಸುತ್ತದೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಎತ್ತರಕ್ಕೆ ನಿಂತ ಜೋಳದ ಮೇಲೆ ಕೂರುವ ಹಕ್ಕಿಗಳು ಹುಳುಗಳನ್ನು ಆರಿಸಿ ತಿನ್ನುತ್ತವೆ. ರಾಗಿ ಕಾರ್ತಿಕದ ಹೊತ್ತಿಗೆ ಕೊಯ್ಲಾದ ಮೇಲೂ ಅವರೆ ಇಬ್ಬನಿಯಲ್ಲೇ ಕಾಯಿ ಕಟ್ಟುತ್ತಾ ನಿಲ್ಲುತ್ತದೆ. ತೆನೆ ಬಿಚ್ಚುವ ಕಾಲದಲ್ಲಿ ಮಳೆ ಕೈಕೊಟ್ಟು ರಾಗಿ ಜೊಳ್ಳಾದ ವರ್ಷವೂ ಹಿಂಗಾರಿನ ಒಂದು ಮಳೆ ಬಿದ್ದರೆ ತೊಗರಿ, ಅವರೆ ಕೈಗೆ ಸಿಗುವ ಸಾಧ್ಯತೆ ಉಳಿದಿರುತ್ತದೆ. ಆಹಾರ ಭದ್ರತೆ ಎಂದು ನಾವು ಈಗ ಕರೆಯುವುದನ್ನು ಆ ಮನೆಗಳು ಬಿತ್ತನೆಯ ದಿನವೇ ಏರ್ಪಾಡು ಮಾಡಿಕೊಳ್ಳುತ್ತಿದ್ದವು.

ಇಂಥ ಹೊಲದ ರಾಗಿಯನ್ನು ಮಾತ್ರ ತೂಗಿದರೆ ಒಂಟಿ ಬೆಳೆಯ ಹೊಲಕ್ಕಿಂತ ಕಡಿಮೆ ಬಂದಂತೆ ಕಾಣುವುದು ಸಹಜ. ಕೃಷಿ ವಿಜ್ಞಾನದಲ್ಲಿ ಇದಕ್ಕೆ ಬೇರೊಂದು ಅಳತೆಯಿದೆ. ಮಿಶ್ರ ಬೆಳೆಯ ಒಂದು ಎಕರೆಯಲ್ಲಿ ಬಂದ ಎಲ್ಲ ಫಸಲನ್ನೂ ಬೇರೆ ಬೇರೆಯಾಗಿ ಬೆಳೆಯಲು ಎಷ್ಟು ಭೂಮಿ ಬೇಕಾಗುತ್ತಿತ್ತು ಎಂದು ಲೆಕ್ಕ ಹಾಕುವುದು; ಉತ್ತರ ಒಂದಕ್ಕಿಂತ ಹೆಚ್ಚಾದರೆ ಮಿಶ್ರ ಬೆಳೆಯೇ ಲಾಭದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೂ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯನ್ನು ಶಿಫಾರಸು ಮಾಡಿದೆ. ಆದರೆ ಏಳೆಂಟು ಬೆಳೆಗಳ ಹಳೆಯ ಅಕ್ಕಡಿ ಎರಡು ಬೆಳೆಗಳ ಈ ಲೆಕ್ಕಕ್ಕಿಂತ ದೊಡ್ಡದು. ಅದರಲ್ಲಿ ಸೊಪ್ಪು, ಮೇವು, ಎಣ್ಣೆ, ಮುಂದಿನ ವರ್ಷದ ಬೀಜ ಎಲ್ಲವೂ ಸೇರಿವೆ.

ತಳಿ ಸಂಶೋಧನೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಡಾ. ಲಕ್ಷ್ಮಣಯ್ಯನವರ ಋಣ ಈ ಸೀಮೆಯ ಪ್ರತಿ ಮುದ್ದೆಯ ಮೇಲೂ ಇದೆ. ಹಾಗೆಯೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಒಣಬೇಸಾಯ ವಿಭಾಗದಲ್ಲಿ ರಾಗಿಯ ಮೇಲೆ ದಶಕಗಳ ಕಾಲ ನಡೆದಿರುವ ಗೊಬ್ಬರದ ಪ್ರಯೋಗವನ್ನು ಸಾವಯವದ ಪರ ಮಾತಾಡುವವರೂ ವಿರೋಧಿಸುವವರೂ ಸಮಾಧಾನದಿಂದ ಓದಬೇಕು. ರಾಸಾಯನಿಕ ಗೊಬ್ಬರವನ್ನಷ್ಟೇ ಪಡೆದ ತಾಕಿನ ಇಳುವರಿ ವರ್ಷ ಕಳೆದಂತೆ ಇಳಿಯುತ್ತಾ ಹೋಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ರಾಸಾಯನಿಕ ಗೊಬ್ಬರವನ್ನೂ ಪಡೆದ ತಾಕು ಎಲ್ಲಕ್ಕಿಂತ ಹೆಚ್ಚು ಕೊಟ್ಟಿತು. ಸಾವಯವವನ್ನು ಪ್ರೀತಿಸುವ ನನಗೆ ಈ ಎರಡನೆಯ ಮಾತು ಅಷ್ಟು ಹಿತವಾದದ್ದಲ್ಲ, ಆದರೆ ಅದು ಮಣ್ಣೇ ಹೇಳಿದ ಮಾತು.

ಆ 10 ಟನ್ನಿನ ಮೇಲೆಯೇ ನನ್ನ ಗಮನ ನಿಲ್ಲುತ್ತದೆ. ಎಕರೆಗೆ ಅದು ಸುಮಾರು ನಾಲ್ಕು ಟನ್. ವರ್ಷ ವರ್ಷವೂ ಬೇಕು. ಹಟ್ಟಿಯಲ್ಲಿ ಒಂದೆರಡು ಸೀಮೆಹಸು ಮಾತ್ರ ಉಳಿದಿರುವ, ಎತ್ತುಗಳನ್ನು ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ಕರೆಯುವ ಮನೆ ಇಷ್ಟು ಗೊಬ್ಬರವನ್ನು ಎಲ್ಲಿಂದ ತರಬೇಕು? ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ 1978ರಿಂದ ನಡೆಯುತ್ತಿರುವ ಪ್ರಯೋಗದಲ್ಲಿ, ಸಾವಯವ ತಾಕಿಗೆ ಹಾಕುವ ಗೊಬ್ಬರವು ಅಷ್ಟು ಭೂಮಿ ಸಾಕಬಲ್ಲ ದನಗಳ ಲೆಕ್ಕಕ್ಕೆ ಕಟ್ಟುಬಿದ್ದಿದೆ. 21 ವರ್ಷಗಳ ಸರಾಸರಿಯಲ್ಲಿ ಅದರ ಇಳುವರಿ ರಾಸಾಯನಿಕ ಬಳಸುವ ರೂಢಿಯ ತಾಕಿಗಿಂತ ಶೇ. 20ರಷ್ಟು ಕಡಿಮೆ ಬಂದರೂ, ಹೊರಗಿನಿಂದ ಹಾಕಿದ ಪೋಷಕಾಂಶ ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ತಗ್ಗಿತ್ತು. ನಮ್ಮಲ್ಲಿಯೂ ಇಂಥ ಪ್ರಾಮಾಣಿಕ ಲೆಕ್ಕ ಬೇಕು: ಬದುವಿನ ಹೊಂಗೆ ಮತ್ತು ಗ್ಲಿರಿಸಿಡಿಯ ಎಂಬ ಗೊಬ್ಬರದ ಗಿಡದಿಂದ ಎಷ್ಟು ಹಸಿರು ಸೊಪ್ಪು ಸಿಗುತ್ತದೆ, ಅಕ್ಕಡಿಯ ಕಾಳುಗಳು ಎಷ್ಟು ಸಾರಜನಕವನ್ನು ಮಣ್ಣಿಗೆ ಬಿಡುತ್ತವೆ, ಎಷ್ಟು ದನಕ್ಕೆ ಆ ಹೊಲವೇ ಮೇವು ಕೊಡಬಲ್ಲದು ಎಂಬುದರ ಲೆಕ್ಕ. ಈ ಸಿದ್ಧತೆಯಿಲ್ಲದೆ 2021ರಲ್ಲಿ ಶ್ರೀಲಂಕಾ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿ, ಭತ್ತ ಮತ್ತು ಚಹಾ ಎರಡರಲ್ಲೂ ಪೆಟ್ಟು ತಿಂದು, ಅದೇ ವರ್ಷದ ಕೊನೆಯೊಳಗೆ ಹಿಂದೆ ಸರಿಯಬೇಕಾಯಿತು.

ಇತ್ತ ಅಕ್ಕಡಿ ಸಾಲು ಕಣ್ಣೆದುರೇ ಮಾಯವಾಗುತ್ತಿದೆ. ಕಟಾವು ಯಂತ್ರ ಓಡಾಡಲು ಹೊಲದಲ್ಲಿ ರಾಗಿಯೊಂದೇ ಇರಬೇಕು. ಕೂಲಿಯಾಳು ಸಿಗದ ಮನೆ ಯಂತ್ರವನ್ನು ಕರೆಯದೆ ಏನು ಮಾಡೀತು? ರಾಗಿಗೆ ಬೆಂಬಲ ಬೆಲೆಯಿದೆ, ಖರೀದಿ ಕೇಂದ್ರವಿದೆ. ಅವರೆಗೆ ಬೆಂಬಲ ಬೆಲೆಯೇ ಇಲ್ಲ. ಸಾಲುಗಳ ನಡುವೆ ನುಗ್ಗಿ ರಾಗಿಯನ್ನಷ್ಟೇ ಕೊಯ್ಯಬಲ್ಲ ಸಣ್ಣ ಯಂತ್ರವೊಂದನ್ನು ರೂಪಿಸುವುದು, ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೆ ಅದೇ ತಾಲ್ಲೂಕಿನ ಅವರೆ, ಅಲಸಂದೆಯನ್ನು ಕೊಳ್ಳುವುದು, ಸಂಶೋಧನಾ ಕೇಂದ್ರದ ಬೇಲಿಯಾಚೆ ರೈತರ ಹೊಲದಲ್ಲೇ ಹತ್ತು ವರ್ಷ ಬಿಡದೆ ಎಲ್ಲ ಫಸಲನ್ನೂ ತೂಗಿ ಬರೆದಿಡುವುದು, ಇವು ಮೂರೂ ನಮ್ಮ ವಿಶ್ವವಿದ್ಯಾಲಯಗಳಿಗೂ ಸರ್ಕಾರಕ್ಕೂ ಕೈಗೆಟುಕದ ಕೆಲಸಗಳಲ್ಲ. ಮೊದಲು ಬರೆದಿಡುವ ಕೆಲಸ ಶುರುವಾಗಲಿ. ಬರದ ವರ್ಷದ ಪುಟಗಳನ್ನು, ಪ್ರಯೋಗ ಕೆಟ್ಟಿತೆಂದು ಕೈಬಿಡದೆ, ಅದರಲ್ಲಿ ಸೇರಿಸಲಿ.