ವಾಹಿನಿಗಾಗಿ ಬದಲಾದ ಪೌರತ್ವ

ಪೂರ್ವ ಲಂಡನ್ನಿನ ವಾಪಿಂಗ್‌ನಲ್ಲಿ ನಾನು ದಿನವೂ ಕೆಲಸಕ್ಕೆ ನಡೆದುಹೋಗುವ ಪೆನ್ನಿಂಗ್‌ಟನ್ ಬೀದಿಯ ಮಗ್ಗುಲಲ್ಲಿ ಈಗ ಅಪಾರ್ಟ್‌ಮೆಂಟುಗಳೆದ್ದಿವೆ. 1986ರಲ್ಲಿ ಇಲ್ಲಿದ್ದುದು ಮುಳ್ಳುತಂತಿಯ ಬೇಲಿಯೊಳಗಿನ ಮುದ್ರಣಾಲಯ. ಅದರ ಒಡೆಯರು ಮೆಲ್ಬರ್ನ್‌ನಲ್ಲಿ ಹುಟ್ಟಿದ ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡೋಕ್. ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಲೋ ಬೇಡವೋ ಎಂದು ಎರಡು ವರ್ಷಗಳಿಂದ ಹೊಯ್ದಾಡುತ್ತಿರುವ, ಅದು ಸಿಕ್ಕರೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕಾದ ನನ್ನಂಥವನಿಗೆ ಅವರ ವೃತ್ತಿಜೀವನದಲ್ಲಿ ಎದ್ದು ಕಾಣುವುದು ಸಂಪತ್ತಲ್ಲ, ಪೌರತ್ವವನ್ನು ಅವರು ಬಳಸಿಕೊಂಡ ಬಗೆ.

1952ರಲ್ಲಿ ತಂದೆ ತೀರಿಕೊಂಡಾಗ 21 ವರ್ಷದ ಅವರ ಪಾಲಿಗೆ ಮುಖ್ಯವಾಗಿ ಉಳಿದದ್ದು ಅಡಿಲೇಡ್‌ನ ಒಂದು ಸಂಜೆಪತ್ರಿಕೆ. 1969ರ ಆರಂಭದಲ್ಲಿ ಅವರು ಲಂಡನ್ನಿನ ‘ನ್ಯೂಸ್ ಆಫ್ ದಿ ವರ್ಲ್ಡ್’ ಕೊಂಡ ಕಥೆ ಸ್ವಾರಸ್ಯದ್ದು. ಅದರ ಮೇಲೆ ಮೊದಲು ಕಣ್ಣಿಟ್ಟಿದ್ದ ರಾಬರ್ಟ್ ಮ್ಯಾಕ್ಸ್‌ವೆಲ್ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದವರು. ಪತ್ರಿಕೆಯ ಸಂಪಾದಕರು ಅವರ ಹುಟ್ಟುಹೆಸರನ್ನು ಎತ್ತಿ ಆಡಿ, ತಮ್ಮದು ರೋಸ್ಟ್ ಬೀಫ್‌ನಷ್ಟೇ ಬ್ರಿಟಿಷ್ ಪತ್ರಿಕೆ ಎಂದು ಬರೆದರು. ಕೊನೆಗೆ ಅದು ಸೇರಿದ್ದು ಇನ್ನೊಬ್ಬ ಹೊರನಾಡಿನವರ ಕೈಯನ್ನೇ. ಆಸ್ಟ್ರೇಲಿಯಾದವರನ್ನು ಇಲ್ಲಿನವರು ಪೂರ್ತಿ ಪರಕೀಯರೆಂದು ಎಣಿಸುತ್ತಿರಲಿಲ್ಲವೆನ್ನಿ. ಅದೇ ವರ್ಷ ‘ದಿ ಸನ್’, 1981ರಲ್ಲಿ ‘ದಿ ಟೈಮ್ಸ್’ ಕೂಡ ಅವರದಾದವು.

ಅಮೆರಿಕದಲ್ಲಿ ದಾರಿ ಅಷ್ಟು ಸಲೀಸಾಗಿರಲಿಲ್ಲ. 1976ರಲ್ಲಿ ‘ನ್ಯೂಯಾರ್ಕ್ ಪೋಸ್ಟ್’ ಕೊಳ್ಳಲು ಪೌರತ್ವ ಬೇಕಾಗಿರಲಿಲ್ಲ, ಆದರೆ ಟಿ.ವಿ. ಕೇಂದ್ರದ ಪರವಾನಗಿಯನ್ನು ವಿದೇಶಿಯರ ಹಿಡಿತಕ್ಕೆ ಕೊಡಲು ಅಲ್ಲಿನ ಕಾನೂನು ಬಿಡುತ್ತಿರಲಿಲ್ಲ. ಮೆಟ್ರೊಮೀಡಿಯಾದ ಕೇಂದ್ರಗಳನ್ನು ಕೊಳ್ಳಲು ಹೊರಟಿದ್ದ ಮರ್ಡೋಕ್ 1985ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್‌ನ ನ್ಯಾಯಾಲಯದಲ್ಲಿ ಪ್ರಮಾಣವಚನ ಸ್ವೀಕರಿಸಿ ಅಮೆರಿಕದ ಪ್ರಜೆಯಾದರು. ಅಂದಿನ ಆಸ್ಟ್ರೇಲಿಯಾ ಕಾನೂನಿನಂತೆ ಹುಟ್ಟಿದ ನಾಡಿನ ಪೌರತ್ವ ತಾನಾಗಿಯೇ ಕಳಚಿತು. ಮರುವರ್ಷ ಅದೇ ಕೇಂದ್ರಗಳನ್ನು ನೆಲೆಯಾಗಿಸಿಕೊಂಡು ಫಾಕ್ಸ್ ಜಾಲ ಶುರುವಾಯಿತು. ತಮ್ಮ ಲಂಡನ್ ಪತ್ರಿಕೆಗಳ ಮುದ್ರಣವನ್ನು ವಾಪಿಂಗ್‌ಗೆ ಸಾಗಿಸಿ, ಮುಷ್ಕರ ಹೂಡಿದ ಸುಮಾರು 5,500 ಕಾರ್ಮಿಕರನ್ನು ವಜಾ ಮಾಡಿದಾಗ ಮರ್ಡೋಕ್ ಅಮೆರಿಕದವರಾಗಿ ಐದು ತಿಂಗಳೂ ಕಳೆದಿರಲಿಲ್ಲ. ವರ್ಷವಿಡೀ ಈ ಬೀದಿಯಲ್ಲಿ ಕಾರ್ಮಿಕರೂ ಪೊಲೀಸರೂ ಎದುರುಬದುರಾದರು. 1987ರ ಫೆಬ್ರುವರಿಯಲ್ಲಿ ಸಂಘಗಳು ಸೋತು ಹಿಂದೆ ಸರಿದವು.

ಶಿವಮೊಗ್ಗದಲ್ಲಿ ನಮ್ಮಮ್ಮ ನೋಡುವ ಸ್ಟಾರ್ ಸುವರ್ಣದ ‘ಸ್ಟಾರ್’ ಕೂಡ 1993ರಲ್ಲಿ ಮರ್ಡೋಕ್ ಹಾಂಗ್‌ಕಾಂಗ್‌ನಲ್ಲಿ ಕೊಂಡ ಸಂಸ್ಥೆಯ ಹೆಸರೇ. 2019ರಲ್ಲಿ ಅದು ಡಿಸ್ನಿಯ ಪಾಲಾಯಿತು. ಕಳೆದ ವಾರ ಫೋನಿನಲ್ಲಿ ಪೌರತ್ವದ ಮಾತೆತ್ತಿದಾಗ ಅಮ್ಮ ಧಾರಾವಾಹಿಯ ಸದ್ದು ತಗ್ಗಿಸಿ, “ಊರಿಗೆ ಬರೋಕೂ ವೀಸಾ ಕೇಳ್ತಾರೇನೋ?” ಎಂದರು. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೆ ಬೇಡ ಎಂದೆ. ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ ಎಂಬುದನ್ನು ಹೇಳಲಿಲ್ಲ.