ಜೋಲ್ ಅನ್ಬ್ಯಾಡ, ಪಾನಿ ಅನ್ನು

ನಾನು ಸಿಂಧನೂರು ಕಡೆ ಸಮಾಜ ವಿಜ್ಞಾನ ಮೇಷ್ಟ್ರು. ನಮ್ ಕಡೆ ಕ್ಯಾಂಪ್ ಅಂದ್ರ ಹೊಸದೇನಲ್ಲ, ಕಾಲುವೆ ನೀರು ಬಂದಮ್ಯಾಲೆ ಆಂಧ್ರದವರು ಬಂದು ಕೂತ ಕ್ಯಾಂಪ್ ಬೇರೆ, ಈ ಆರ್‌ಎಚ್ ಕ್ಯಾಂಪ್ ಬೇರೆ. ಆರ್‌ಎಚ್ ಅಂದ್ರ ರಿಹ್ಯಾಬಿಲಿಟೇಶನ್, ಪೂರ್ವ ಪಾಕಿಸ್ತಾನದಿಂದ, ಅಂದ್ರ ಈಗಿನ ಬಾಂಗ್ಲಾದೇಶದಿಂದ, ಓಡಿಬಂದ ಬಂಗಾಳಿ ಹಿಂದೂಗಳಿಗೆ ಸರ್ಕಾರ ಕೊಟ್ಟ ಜಾಗ.

2024ರ ಜೂನ್‌ನಾಗ ಏಳನೇ ಕ್ಲಾಸಿಗೆ ವಂಶವೃಕ್ಷದ ಹೋಮ್‌ವರ್ಕ್ ಕೊಟ್ಟೆ, ಅಜ್ಜ-ಅಜ್ಜಿ ಹೆಸರು, ಹುಟ್ಟಿದ ಊರು, ಸರಳ. ಕ್ಯಾಂಪಿನ ಒಬ್ಬ ಹುಡುಗನ ನೋಟ್‌ಬುಕ್ಕಿನಾಗ ಅಜ್ಜಿ ಊರಿನ ಬಾಕ್ಸ್ ಇದ್ದ ಕಡೆ ತೂತು ಬಿದ್ದಿತ್ತು. ಬರದು ಬರದು ರಬ್ಬರ್ ಹಾಕಿ ಉಜ್ಜಿ ಹಾಳೆ ಹರಿದಿದ್ದ. ಎಲ್ಲರ ಮುಂದೆ ನಿಲ್ಸಿ ಕೇಳ್ದೆ, ಬಾಯೇ ಬಿಡ್ಲಿಲ್ಲ.

ಸಂಜೆ ಅವ್ರ ಮನೀಗೆ ಹೋದ್ರೆ ಅಜ್ಜಿ ಮೊದ್ಲು ಕೇಳಿದ್ದು, ಈ ಊರಿನ ಹೆಸರು ಯಾವ ಆಫೀಸಿಗೆ ಕೊಡ್ತೀರಿ ಅಂತ. ಅದೇ ಮಾರ್ಚ್‌ನಾಗ ಸಿಎಎ, ಅಂದ್ರ ಪೌರತ್ವ ತಿದ್ದುಪಡಿ ಕಾಯ್ದೆಯ ರೂಲ್ಸ್ ಬಂದಿದ್ವು ನೋಡ್ರಿ, ಪೌರತ್ವದ ಕಾಗದದ ಮಾತು ಕ್ಯಾಂಪ್ ತುಂಬ ಓಡಾಡ್ತಿತ್ತು, ನನಗೆ ಅದು ಹೊಳೀಲೇ ಇಲ್ಲ.

ಆಮ್ಯಾಲೆ ಚಾ ಕುಡೀತಾ ಹೇಳಿದ್ಲು. ಪೂರ್ವ ಪಾಕಿಸ್ತಾನದ ಖುಲ್ನಾ ಕಡೆ ಹಳ್ಳಿ, 1964ರ ಗಲಭೆ, ಆಕಿಗೆ ಏಳು ವರ್ಷ. ಮನೆ ಬಿಟ್ಟು ಹೊರಡೋವಾಗ ಅವ್ವ ಹಣೆ ಸಿಂಧೂರ ಒರಸಿ, ಕೈಯಾಗಿನ ಶಂಖದ ಬಳೆ ತೆಗೆದು ಮಂಡಾಳು ಗಂಟಿನಾಗ ಇಟ್ಲಂತೆ, ಮಗಳಿಗೆ ಒಂದೇ ಮಾತು: ದಾರೀಲಿ ನೀರು ಕೇಳಿದ್ರೆ ಜೋಲ್ ಅನ್ಬ್ಯಾಡ, ಪಾನಿ ಅನ್ನು. ಅಲ್ಲಿ ಹಿಂದೂ ಮನ್ಯಾಗ ಜೋಲ್, ಮುಸ್ಲಿಂ ಮನ್ಯಾಗ ಪಾನಿ, ಆ ಒಂದು ಶಬ್ದದಾಗೇ ಗೊತ್ತಾಗಿಬಿಡ್ತದ. ಎಲ್ಲಿ ಬಾಯ್ತಪ್ಪಿ ಜೋಲ್ ಅಂತೀನೋ ಅಂತ ಆಕಿ ನೀರೇ ಕೇಳಲಿಲ್ಲಂತೆ. ರಾಯಪುರದ ಮಾನಾ ನಿರಾಶ್ರಿತರ ಕ್ಯಾಂಪ್ ಮುಟ್ಟಿದಮ್ಯಾಲೂ ಎಷ್ಟೋ ದಿನ ನೀರು ಬೇಕಾದ್ರೆ ಬರೀ ಕೈ ತೋರಿಸ್ತಿದ್ಲಂತೆ.

ಇಲ್ಲಿಗೆ ನಾ ಸುಮ್ನಿರಬೇಕಿತ್ತು. ಮನಸ್ಸು ತುಂಬಿಬಂದು, ಅಜ್ಜೀನ ಒಂದ್ ಮಾತೂ ಕೇಳ್ದೆ, ಮರುದಿನ ಕ್ಲಾಸಿನಾಗ ಇದನ್ನ ಕಥೆ ಮಾಡಿ ಹೇಳಿಬಿಟ್ಟೆ. ಪಿನ್‌ಡ್ರಾಪ್ ಸೈಲೆನ್ಸ್, ನನಗ ಹೆಮ್ಮೆ ಬ್ಯಾರೆ.

ಆಗಸ್ಟ್ 5ಕ್ಕೆ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಢಾಕಾ ಬಿಟ್ಟು ಓಡಿದ್ಲು, ಅಲ್ಲಿ ಹಿಂದೂ ಮನೆ-ಗುಡಿ ಮ್ಯಾಲೆ ದಾಳಿ ಆಗಿದ್ದು ನಿಜಾನೂ ಸುಳ್ಳೂ ಕಲಸಿ ಎಲ್ಲರ ಫೋನಿಗೂ ಬಂತು. ಎರಡೇ ದಿನಕ್ಕೆ ನನ್ ಕ್ಲಾಸಿನಾಗ ಕ್ಯಾಂಪಿನ ಹುಡುಗ ಪಕ್ಕದಾಗ ಕೂಡ್ತಿದ್ದ ಮುಸ್ಲಿಂ ಹುಡುಗನಿಗೆ ‘ನಮ್ಮಜ್ಜೀಗೆ ನೀರು ಕೊಡ್ಲಿಲ್ಲ ನಿಮ್ಮವರು’ ಅಂದ. ಆ ಹುಡುಗ ಬ್ಯಾಗ್ ಎತ್ಕೊಂಡು ಕೊನೆ ಬೆಂಚಿಗೆ ಹೋದ, ಅವ್ನಪ್ಪ ಟ್ರ್ಯಾಕ್ಟರ್ ಮೆಕ್ಯಾನಿಕ್, ಖುಲ್ನಾ ಎಲ್ಲೈತಿ ಅಂತ ಮ್ಯಾಪಿನಾಗ ತೋರ್ಸಾಕೂ ಬರಂಗಿಲ್ಲ. ಆ ಮಾತು ಅವನ ಬಾಯಿಗೆ ಬಂದಿದ್ದು ನನ್ ಕಥೆಯಿಂದ.

ನಾನು ಅರ್ಧ ಮಾತ್ರ ಹೇಳಿದ್ದೆ. 1963ರ ಡಿಸೆಂಬರ್‌ನಾಗ ಶ್ರೀನಗರದ ಹಜ್ರತ್‌ಬಾಲ್ ದರ್ಗಾದಾಗ ಪ್ರವಾದಿಯವರದ್ದು ಅಂತ ನಂಬಿದ ಪವಿತ್ರ ಕೂದಲು ಕಳುವಾಯ್ತು, ಅದಕ್ಕೆ ಪೆಟ್ಟು ತಿಂದೋರು ಎಲ್ಲೋ ಖುಲ್ನಾದ ಹಿಂದೂಗಳು. ಆ ಜನ ಓಡಿ ಈ ಕಡೆ ಬಂದಮ್ಯಾಲೆ ಅದೇ ಜನವರೀಲಿ ಕಲ್ಕತ್ತಾದ ಮುಸ್ಲಿಮರ ಮ್ಯಾಲೆ ದಾಳಿ. ಅಷ್ಟೊತ್ತಿಗೆ ಕೂದಲು ಸಿಕ್ಕಿತ್ತು. ಇದನ್ನ ಮ್ಯಾಪ್ ಹಾಕಿ ಒಂದು ಪೀರಿಯಡ್ ಪೂರ್ತಿ ಹೇಳ್ದೆ, ಕ್ಲಾಸ್ ಕೇಳ್ತು, ಕೊನೆ ಬೆಂಚಿಗೆ ಹೋದ ಹುಡುಗ ಮಾತ್ರ ಹಳೇ ಬೆಂಚಿಗೆ ವಾಪಸ್ ಬರ್ಲಿಲ್ಲ.

ಈಗ ವಂಶವೃಕ್ಷದಾಗ ಊರಿನ ಬಾಕ್ಸ್ ಹಾಕಂಗಿಲ್ಲ, ಇಷ್ಟ ಇದ್ದೋರು ಹಿಂದಿನ ಪುಟಕ್ಕ ಬರೀರಿ, ನಾ ಒಬ್ನೇ ನೋಡ್ತೀನಿ ಅಂತೀನಿ. ಒಬ್ರ ಮನೆ ಮಾತನ್ನ ಕೇಳದೆ ಕ್ಲಾಸಿಗೆ ತರೋದಂತೂ ಬಿಟ್ಟೀನಿ.

ಇಬ್ರೂ ಈಗ ಹೈಸ್ಕೂಲು. ಮಾತಾಡ್ತಾರೋ ಇಲ್ಲೋ, ಕೇಳಾಕ ನನಗ ಧೈರ್ಯ ಬಂದಿಲ್ಲ.