ಮೂರು ಬ್ಲೇಡ್ ಬಿಟ್ಟು ಒಂದಕ್ಕ ಬಂದೆ, ಕುತ್ತಿಗಿ ಉರಿ ಕಮ್ಮಿ ಆತು

ನಾನು ಕೊಪ್ಪಳ ಹತ್ರ ಗಿಣಿಗೇರಿ ಕಡೆ ಒಂದು ಪ್ಲಾಂಟಿನಾಗ ಕೆಲಸ ಮಾಡ್ತೀನಿ, ಧೂಳಿನ ಸೆಕ್ಷನ್ನು, ಮುಖಕ್ಕ ರಬ್ಬರ್ ಮಾಸ್ಕ್ ಹಾಕ್ಕೊಂಡೇ ಒಳಗ ಹೋಗ್ಬೇಕು. ಆ ಮಾಸ್ಕು ಚರ್ಮಕ್ಕ ಗಟ್ಟಿ ಕುಂದ್ರಬೇಕಂದ್ರ ದಾಡಿ ಇರಬಾರದು, ಜ್ವಾಳ ಕೊಯ್ದ ಹೊಲದಾಗ ಕೂಳಿ ಇರ್ತೈತಲ್ಲ ಹಂಗ ಎರಡ್ ದಿನದ ಕೂದಲು ಚುಚ್ಚಾಕತ್ತಿದ್ರೂ ಸಾಕು, ಸಂದಿಯಾಗ ಧೂಳು ಬರ್ತೈತಿ. ಹಂಗಾಗಿ ಯಾರರ "ದಾಡಿ ಬಿಟ್ಬಿಡಪಾ, ಗುಳ್ಳಿ ತಾನಾ ಹೊಕ್ಕಾವು" ಅಂದ್ರ ಅದು ನನಗ ಆಗೋ ಮಾತಲ್ಲ.

ಆರೇಳು ವರ್ಷ ಮೂರು ಬ್ಲೇಡಿನ ಕಾರ್ಟ್ರಿಜ್, ಅಂದ್ರ ಹಿಡಿಕಿಗೆ ಸಿಕ್ಕಿಸೋ ಬ್ಲೇಡಿನ ತಲಿ, ವಾಪರಿಸಿದೆ, ಡಬ್ಬಿ ಫೋಮು, ಮುಂಜಾನೆ ಪಾವ್ ಕಮ್ ಐದಕ್ಕ ಎದ್ದು ಫಸ್ಟ್ ಶಿಫ್ಟಿನ ಬಸ್ಸಿಗೆ ಓಡೋದ್ರೊಳಗ ಎರಡು ನಿಮಿಷದಾಗ ಮುಗಿಸೋದು, ನುಣ್ಣಗ ಆಗ್ಲಿಲ್ಲಂದ್ರ ಒತ್ತಿ ಒತ್ತಿ ಅದೇ ಜಾಗದ ಮ್ಯಾಲ ನಾಕ್ ಸಲ ಎಳಿಯೋದು. ಕುತ್ತಿಗಿ ತುಂಬ ಕೆಂಪು ಗುಳ್ಳಿ, ಕೆಲವೊಂದ್ರಾಗ ಕೀವು, ಏಪ್ರಿಲ್ ಬಿಸಲಾಗ ಮಾಸ್ಕಿನೊಳಗ ಬೆವರು ಇಳಿದ್ರ ಉಪ್ಪು ಖಾರ ಸವರಿದಂಗ ಉರಿ. ಮದುವಿ ಮನಿಯಾಗ ಫೋಟೋಕ್ಕ ನಿಲ್ಲಾಕ ಮನಸ್ಸಿಲ್ಲದಂಗ ಆಗಿತ್ತು. ನಂದು ಚರ್ಮಾನ ಸೂಕ್ಷ್ಮ ಅಂತ ತಿಳ್ಕೊಂಡು ಸುಮ್ಮನಿದ್ದೆ.

ಹೋದ್ ವರ್ಷ ಗವಿಮಠದ ಜಾತ್ರಿ ಮುಗಿದ ವಾರ ಚರ್ಮದ ಡಾಕ್ಟರ್ ಹತ್ರ ಹೋದೆ. ಅವ್ರು ಭೂತಗನ್ನಡಿ ಹಿಡಿದು ನೋಡಿ, ಇದು ಮೊಡವಿ ಅಲ್ಲ, ಕತ್ತರಿಸಿದ ಕೂದಲು ತಿರುಗಿ ಚರ್ಮದೊಳಗ ಹೋಗಾಕತ್ತಾವು, ಇದಕ್ಕ ಸೂಡೋಫಾಲಿಕ್ಯುಲೈಟಿಸ್ ಬಾರ್ಬೇ ಅಂತಾರ ಅಂದ್ರು. ಗುಂಗುರು ಕೂದಲಿನವ್ರಿಗೆ ಇದು ಜಾಸ್ತಿ, ನನ್ನ ಕುತ್ತಿಗಿ ಕೂದಲು ಹಂಗಾ ಅದಾವು. ಬಹಳ ಬ್ಲೇಡು ಇರೋ ರೇಜರ್‌ನಾಗ ಮುಂದಿನ ಬ್ಲೇಡು ಕೂದಲನ್ನ ಸ್ವಲ್ಪ ಮ್ಯಾಲೆ ಜಗ್ಗತೈತಿ, ಅದು ಒಳಗ ಸರಿಯೋದ್ರೊಳಗ ಹಿಂದಿನ ಬ್ಲೇಡು ಬಂದು ಕತ್ತರಸ್ತೈತಿ, ಆಮ್ಯಾಲೆ ತುದಿ ಚರ್ಮದ ಮಟ್ಟಕ್ಕಿಂತ ಕೆಳಗ ಇಳಿತೈತಿ. ಕೈಗೆ ಬಹಳ ನುಣ್ಣಗ ಹತ್ತೋದು ಅದಕ್ಕಾ. ಆದ್ರ ಆ ಚೂಪು ತುದಿ ಮತ್ತ ಬೆಳೆದು ಹೊರಗ ಬರೋವಾಗ ದಾರಿ ತಪ್ಪಿ ಚರ್ಮಾನ ಚುಚ್ಚತೈತಿ. ಇದನ್ನ ಕೇಳಿದ ದಿನಾನೇ ಕಾರ್ಟ್ರಿಜ್ ಬಿಡಬೇಕು ಅಂತ ಅನ್ಕೊಂಡೆ.

ಡಾಕ್ಟರ್ ಹಚ್ಚಾಕ ಮುಲಾಮು ಕೊಟ್ರು, ಮೂರು ವಾರ ದಾಡಿ ಮಾಡಬ್ಯಾಡ ಅಂದ್ರು, ನಾನು ಸೂಪರ್‌ವೈಸರ್ ಕೈಕಾಲು ಹಿಡಿದು ಮಾಸ್ಕು ಬೇಕಿಲ್ಲದ ಸ್ಟೋರಿಗೆ ಡ್ಯೂಟಿ ಹಾಕಿಸ್ಕೊಂಡೆ. ಮೊದ್ಲು ಇದ್ದ ಗುಳ್ಳಿ ಆರಬೇಕು, ಆರದ ಚರ್ಮದ ಮ್ಯಾಲ ಯಾವ ರೇಜರ್ ಹಿಡಿದ್ರೂ ಗಾಯಾನೇ.

ಒಂದೇ ಬ್ಲೇಡಿನಾಗ ದಾಡಿ ಮಾಡೋದು ಕಲಿಸಿದವರು ಗಡಿಯಾರ ಕಂಬದ ಹತ್ರ ಕಟಿಂಗ್ ಶಾಪ್ ಇಟ್ಟಿರೋ ಕಾಕಾ. ಕಬ್ಬಿಣದ ತೂಕದ ರೇಜರ್ ತಗೊಂಡು ಹೋಗಿ ತೋರಿಸಿದೆ, ಒಂದೇ ಬ್ಲೇಡಿಗೆ ಎರಡೂ ಕಡೆ ಹರಿತ ಇರತೈತಲ್ಲ ಅದು. ಕಿಂಗ್ ಕ್ಯಾಂಪ್ ಜಿಲೆಟ್ ಅನ್ನೋರಿಗೆ 1904ರಾಗ ಪೇಟೆಂಟ್ ಸಿಕ್ಕ ಪದ್ಧತಿ ಅದು, ಇವತ್ತಿಗೂ ಬ್ಲೇಡಿನ ಆಕಾರ ಬದಲಾಗಿದ್ದು ಬಹಳ ಕಮ್ಮಿ. ಎರಡು ಬ್ಲೇಡಿನ ಕಾರ್ಟ್ರಿಜ್ ಬಂದಿದ್ದು 1971ರಾಗ, ಅಲ್ಲಿತನಕ ಬಹಳ ಮಂದಿ ಇದರಾಗೇ ದಾಡಿ ಮಾಡ್ಕೊಂತಿದ್ರು.

ಕಾಕಾ ರೇಜರ್ ಮುಟ್ಟಲೇ ಇಲ್ಲ, ಮೊದ್ಲು ನನ್ನ ಕುತ್ತಿಗಿ ಮ್ಯಾಲ ಬೆರಳಾಡಿಸಿದ್ರು. "ತಮ್ಮಾ, ಗಲ್ಲದ ಮ್ಯಾಲ ನಿನ್ನ ಕೂದಲು ಕೆಳಗ ಬೆಳಿತಾವು, ಕುತ್ತಿಗಿ ಎಡಗಡಿ ಮಾತ್ರ ಅಡ್ಡ ಬೆಳಿತಾವು ನೋಡು. ನೀನು ಎಲ್ಲಾ ಕಡೆ ಕೆಳಗಿಂದ ಮ್ಯಾಲ ಎಳಿತಿ, ಅಲ್ಲೇನ್?" ಅಂದ್ರು. ಹೌದು ಕಾಕಾ ಅಂದೆ. "ದನದ ಮೈ ಉಜ್ಜೋವಾಗ ರೋಮದ ಹಾದಿ ಹಿಡಿತಿ, ನಿನ್ನ ಮಕಕ್ಕ ಯಾಕ ಹಿಡಿಯಲ್ಲ?" ಅಂತ ಕೇಳಿದ್ರು. ನಂಗ ಬಹಳ ನಾಟಿತು ಆ ಮಾತು, ಇಷ್ಟು ವರ್ಷದಾಗ ನನ್ನ ಕೂದಲು ಯಾವ ಕಡೆ ಬೆಳಿತಾವು ಅಂತ ಒಂದ್ ದಿನಾನೂ ಮುಟ್ಟಿ ನೋಡಿರ್ಲಿಲ್ಲ.

ಆಮ್ಯಾಲೆ ನೀರು. ನಮ್ಮ ಓಣಿಗೆ ಬೋರ್ ನೀರು, ಕೊಡದ ತಳಕ್ಕ ಬಿಳೇ ಸುಣ್ಣ ಕಟ್ಟತೈತಿ. ನಾನು ಡಬ್ಬಿ ಫೋಮು ಬಿಟ್ಟು ಕ್ರೀಮ್ ಹಚ್ಚಿ ಬ್ರಷ್ ಎಷ್ಟು ತಿರುವಿದ್ರೂ ಬುರುಗು ಬರ್ತಿರ್ಲಿಲ್ಲ, ಬಂದ್ರೂ ಅರ್ಧ ನಿಮಿಷದಾಗ ಒಣಗಿ ಹೊಕ್ಕಿತ್ತು, ಕ್ರೀಮೇ ಡೂಪ್ಲಿಕೇಟ್ ಅನ್ಕೊಂಡಿದ್ದೆ. ಗಡಸು ನೀರಿನಾಗಿನ ಕ್ಯಾಲ್ಸಿಯಂ ಮೆಗ್ನೀಷಿಯಂ ಸಾಬೂನಿನ ಜೋಡಿ ಕೂಡಿ ಜಿಡ್ಡು ಆಗ್ತೈತಿ, ಬುರುಗಿಗೆ ಸಾಬೂನು ಉಳಿಯೋದೇ ಇಲ್ಲ. ಈಗ ಫಿಲ್ಟರ್ ಘಟಕದಿಂದ ಕುಡಿಯಾಕ ತರ್ತೀವಲ್ಲ ಆ ನೀರು ಒಂದು ಲೋಟ ಕಾಸ್ಕೊಂತೀನಿ, ಅಷ್ಟಾ ಸಾಕು. ಬದಾಮಿ ಬೀಜದಷ್ಟು ಕ್ರೀಮು, ಸ್ಟೀಲಿನ ವಾಟಿ, ಬ್ರಷ್ ನೆನಸಿ ಹಿಂಡಿ ಹನಿ ಹನಿ ನೀರು ಹಾಕ್ಕೊಂತ ತಿರುವಬೇಕು, ಗಟ್ಟಿ ಮೊಸರಿನಂಗ ಆಗ್ತೈತಿ, ಮ್ಯಾಲ ದೊಡ್ಡ ಗುಳ್ಳಿ ಕಾಣಬಾರದು. ಕೊಪ್ಪಳ ಕಡೆ ಬೋರ್ ನೀರಿನಾಗ ಇರೋರು ಬ್ಯಾರೆ ಏನೂ ಬದಲಿ ಮಾಡದಿದ್ರೂ ಇದೊಂದು ಮಾಡಿ ನೋಡ್ರಿ, ನಾನು ಕೈಮುಗಿದು ಹೇಳ್ತೀನಿ.

ಮುಂಜಾನಿ ದಾಡಿ ಮಾಡೋದು ಬಿಟ್ಟೆ. ಈಗ ಡ್ಯೂಟಿ ಮುಗಿಸಿ ಬಂದು ರಾತ್ರಿ ಬಿಸಿನೀರು ಜಳಕ ಆದಮ್ಯಾಲೆ ಮಾಡ್ತೀನಿ, ಕೂದಲಿಗೆ ಕಮ್ಮಿ ಅಂದ್ರೂ ಎರಡ್ ಮೂರು ನಿಮಿಷ ಬಿಸಿನೀರು ಕುಡಿಸಿದ್ರ ಮೆತ್ತಗ ಆಗ್ತಾವು, ಬ್ಲೇಡು ಜಗ್ಗೋದಿಲ್ಲ. ಇನ್ನೊಂದು ಲಾಭ, ಬೆವರು ಮಾಸ್ಕು ತಗಲೋದ್ರೊಳಗ ಚರ್ಮಕ್ಕ ಒಂದ್ ರಾತ್ರಿ ಸಿಗ್ತೈತಿ.

ರೇಜರ್ ಹಿಡಿಯೋದಕ್ಕ ತಿಂಗಳು ಹಿಡೀತು. ಹಿಡಿಕಿ ನೆಲಕ್ಕ ಸಮ ಹಿಡಿದು ತಲಿ ಗಲ್ಲಕ್ಕ ಆನಿಸಿ ನಿಧಾನ ಹಿಡಿಕಿ ಕೆಳಗ ಇಳಿಸ್ಕೊಂತ ಬಂದ್ರ ಒಂದ್ ಕಡೆ ಬ್ಲೇಡು ಕೂದಲಿಗೆ ತಾಕತೈತಿ, ಸುಮಾರು 30 ಡಿಗ್ರಿ, ಅಲ್ಲೇ ನಿಲ್ಲಬೇಕು. ಒತ್ತಬಾರದು, ರೇಜರಿನ ತೂಕಾನೇ ಕೆಲಸ ಮಾಡ್ತೈತಿ. ಹಳೇ ಚಾಳಿಗೆ ನನ್ನ ಕೈ ಒತ್ತತಿತ್ತು, ಮೊದಲ್ನೇ ವಾರ ಗದ್ದದ ಕೆಳಗ ಎರಡು ಸಲ ಕೊಯ್ಕೊಂಡೆ, ಅಂಗಿ ಕಾಲರ್ ರಕ್ತ ಆಗಿದ್ದು ನೋಡಿ ಅವ್ವ "ಆ ಹಳೇದಾ ಚಲೋ ಇತ್ತಲ್ಲೋ" ಅಂತ ಸಂಕಟ ಪಟ್ಳು. ಸಣ್ಣ ಸಣ್ಣ ಎಳತ, ಎರಡು ಎಳತಕ್ಕೊಮ್ಮೆ ತೊಳಿಯೋದು, ಬುರುಗು ಇಲ್ಲದ ಜಾಗಕ್ಕ ಬ್ಲೇಡು ಹಚ್ಚೋದೇ ಇಲ್ಲ ಅಂತ ರೂಢಿ ಮಾಡ್ಕೊಂಡಮ್ಯಾಲೆ ನಿಂತ್ತು.

ಮುಗಿದಮ್ಯಾಲೆ ತಣ್ಣೀರು, ಆಮ್ಯಾಲೆ ಪಟಿಕ. ಮಳಿಗಾಲದಾಗ ಹೊಳಿ ಕೆಂಪು ನೀರು ಬಂದ್ರ ಅವ್ವ ಕೊಡದಾಗ ತಿರುವ್ತಿದ್ಲಲ್ಲ ಅದಾ ಪಟಿಕ, ಕಿರಾಣಿ ಅಂಗಡಿಯಾಗ ಹತ್ತು ರೂಪಾಯಿ ತುಂಡು ತಿಂಗಳುಗಟ್ಲೆ ಬರ್ತೈತಿ. ಹಸಿ ಮುಖಕ್ಕ ಸವರಿ ಒಂದು ನಿಮಿಷ ಬಿಟ್ಟು ತೊಳಿಯೋದು. ಸಣ್ಣ ಗಾಯದ ರಕ್ತ ನಿಲ್ಲಸ್ತೈತಿ, ಅದಕ್ಕಿಂತ ನನಗ ಉಪಯೋಗ ಆಗಿದ್ದು ಬ್ಯಾರೆ, ಎಲ್ಲಿ ಚುರು ಚುರು ಅಂತೈತೋ ಅಲ್ಲಿ ನಾನು ಒತ್ತೀನಿ ಅಂತ ಅರ್ಥ, ಮರುದಿನ ಆ ಜಾಗಕ್ಕ ಕೈ ಹಗುರ ಮಾಡ್ತೀನಿ. ಸ್ಪಿರಿಟಿನಂಥ ಆಫ್ಟರ್‌ಶೇವ್ ಪೂರ್ತಿ ಬಿಟ್ಟೆ, ವಾಸನಿ ಇಲ್ಲದ ಸಾದಾ ಮಾಯಿಶ್ಚರೈಸರ್ ಒಂಚೂರು ಹಚ್ತೀನಿ.

ಬ್ಲೇಡು ನಾಕೈದು ರೂಪಾಯಿ, ಐದು ದಾಡಿಗೆ ತೆಗಿತೀನಿ, ಮೊದ್ಲು ಕಾರ್ಟ್ರಿಜ್ ತುಟ್ಟಿ ಅಂತ ಎರಡು ತಿಂಗಳು ಎಳಿತಿದ್ದೆ. ತೆಗೆದ ಬ್ಲೇಡನ್ನ ದಯವಿಟ್ಟು ಕಸದ ಚೀಲಕ್ಕ ಹಂಗಾ ಒಗಿಬ್ಯಾಡ್ರಿ. ಕಸ ಬೇರೆ ಮಾಡೋ ಅಕ್ಕಂದಿರು ಬರೀ ಕೈಲೆ ತಡವ್ತಾರ. ಹಳೇ ತಗಡಿನ ಡಬ್ಬಿ ಮುಚ್ಚಳಕ್ಕ ಒಂದು ಸೀಳು ಹೊಡೆದು ಇಟ್ಟೀನಿ, ಅದರಾಗ ಹಾಕ್ತೀನಿ.

ಹೊಸ ಗುಳ್ಳಿ ಏಳೋದು ಎರಡು ತಿಂಗಳಿಗೆ ಕಮ್ಮಿ ಆತು, ಹಳೇ ಕಲಿ ಹೋಗಾಕ ಐದಾರು ತಿಂಗಳು ಹಿಡೀತು, ಈಗ ವಾಪಸ್ ನನ್ನ ಸೆಕ್ಷನ್ನಿಗೆ ಬಂದೀನಿ. ಎಡಗಡಿ ದವಡಿ ಕೆಳಗ ಕೂದಲು ಸುಳಿ ಇದ್ದಂಗ ತಿರುಗ್ಯಾವು, ಅಲ್ಲಿ ಮಾತ್ರ ಇನ್ನೂ ಎರಡು ಗುಳ್ಳಿ ಬಂದು ಹೊಕ್ಕಿರ್ತಾವು. ಆ ಜಾಗಕ್ಕ ಒಂದೇ ಸಲ ಬ್ಲೇಡು ಆಡಸ್ತೀನಿ, ಎರಡನೇ ಸಲ ಇಲ್ಲ, ಕೈಗೆ ಸ್ವಲ್ಪ ಒರಟು ಹತ್ತತೈತಿ. ಮಾಸ್ಕು ಮಾತ್ರ ಸರಿ ಕುಂದ್ರತೈತಿ.